ಬಳೆ ಕೋವಿಯ ಹೊಟ್ಟೆಯೊಳಗೆ

ಕೋವಿ ರಿಪೇರಿಯವ ಅಂದರೆ ಜನ ದೊಡ್ಡ ಮೀಸೆಯವನನ್ನು ಹುಡುಕುತ್ತಾರೆ. ಅಂಗಡಿಗೆ ಬಂದು ನನ್ನ ಹತ್ತಿರವೇ "ಆಚಾರ್ರು ಒಳಗೆ ಇದ್ದಾರಾ?" ಅಂತ ಕೇಳಿದವರು ಎಷ್ಟೋ ಮಂದಿ. ಸಪೂರದ ಆಳು, ದಪ್ಪ ಕನ್ನಡಕ, ಮನೆಯಲ್ಲಿ ಕೋಳಿ ಕೊಯ್ಯುವಾಗ ಹಿತ್ತಿಲಿಗೆ ಹೋಗಿ ನಿಲ್ಲುವ ಜನ ನಾನು. ಕಬಕದ ಮನೆಯಿಂದ ಪುತ್ತೂರಿನ ಅಂಗಡಿಗೆ ಬಸ್ಸಿನಲ್ಲಿ ಹೋಗುದು, ಸಂಜೆ ಬರುದು, ಇದರಲ್ಲೇ ನನ್ನ ಉದ್ಯೋಗದ ಆಯುಷ್ಯ ಮುಗಿಯಿತು. ಅಂಗಡಿಯ ಎದುರು ಭಾಗದಲ್ಲಿ ಕೋವಿ, ಕೋವಿಗೆ ಹಾಕುವ ಮದ್ದುಗುಂಡಿನ ತೋಟೆ ಮಾರುದು. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಒಂದು ಕಿಟಕಿ ಮತ್ತು ನಾನು.

ಕಣ್ಣಿನ ಪೊರೆ ತೆಗೆಸಿದ ಮೇಲೆ ಮಗಳು "ಇನ್ನು ಸಾಕು ಅಪ್ಪ" ಅಂದಳು. ಬಿಟ್ಟೆ. ಈಗ ನನ್ನ ಜಾಗದಲ್ಲಿ ಐಟಿಐ ಕಲಿತ ಇಬ್ಬರು ಕೂತಿದ್ದಾರೆ. ಒಳ್ಳೆಯವರೇ, ಸುಳ್ಳು ಹೇಳಬಾರದು. ಆದರೆ ದಿನಕ್ಕೊಂದು ಸಲ ಫೋನ್ ಮಾಡಿ "ಆಚಾರ್ರೇ, ಇದು ಎಂತ? ಅದು ಎಂತ?" ಅಂತ ಕೇಳುತ್ತಾರೆ. ಫೋನಿನಲ್ಲಿ ಸ್ಪ್ರಿಂಗಿನ ಬಿಗಿ ಹೇಳಲಿಕ್ಕೆ ಆಗ್ತದಾ ಮಾರಾಯ್ರೆ? ಕೂತು ಬರೆದುಕೊಡಿ ಅಂದರು. ಹಾಗಾಗಿ ಬರೆಯುತ್ತಾ ಇದ್ದೇನೆ. ಓದಿ, ಮತ್ತೆ ಫೋನ್ ಮಾಡಬೇಡಿ.

ಮೊದಲನೆಯದಾಗಿ, ಈ ಕೆಲಸ ಅಂದರೆ ಬೇಟೆ, ಧೈರ್ಯ, ಗುಂಡಿನ ಸದ್ದು ಅಂತ ಗ್ರಹಿಸಿದ್ದರೆ ಇವತ್ತೇ ವಾಪಸ್ ಹೋಗಿ. ಇದು ಕೊಳೆ ತೆಗೆಯುವ ಕೆಲಸ. ನಮ್ಮ ಊರಿನ ಹವೆಗೆ ಕಬ್ಬಿಣ ನಿಲ್ಲುದಿಲ್ಲ. ಕೋವಿ ಹಾಳಾಗುದು ಗುಂಡು ಹೊಡೆದು ಅಲ್ಲ, ಹೊಡೆಯದೆ ಗೋಡೆಗೆ ನೇತುಹಾಕಿ. ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನು ನಾನು ಬೇಕಾದಷ್ಟು ತೆಗೆದಿದ್ದೇನೆ. ಒಂದರಲ್ಲಿ ಜಿರಳೆಯ ಸಂಸಾರವೇ ಇತ್ತು.

ರಾಮಕುಂಜದ ಕಡೆಯ ಒಬ್ಬ ಕೃಷಿಕರು ಒಂದು ಚಳಿಗಾಲದಲ್ಲಿ ಜೋಡುನಳಿಗೆಯ ಕೋವಿ ತಂದರು. ಕುದುರೆ ಬೀಳುದಿಲ್ಲ ಅಂತ ದೂರು. ಕುದುರೆ ಅಂದರೆ ತೋಟೆಯ ಹಿಂಭಾಗಕ್ಕೆ ಪೆಟ್ಟು ಕೊಡುವ ಸುತ್ತಿಗೆ. ಬಿಚ್ಚಿ ನೋಡಿದರೆ ಒಳಗೆಲ್ಲ ಬೆಳ್ಳಗೆ ಬೆಣ್ಣೆಯ ಹಾಗೆ ಗಟ್ಟಿ.

"ಎಂತ ಎಣ್ಣೆ ಹಾಕಿದ್ದೀರಿ?"

"ಮನೆಯದ್ದೇ ಆಚಾರ್ರೇ, ತೆಂಗಿನೆಣ್ಣೆ. ಶುದ್ಧ ಗಾಣದ್ದು."

"ಶುದ್ಧ ಆದ್ದಕ್ಕೇ ಹೀಗಾದ್ದು. ಅದು ತಲೆಗೆ, ಒಗ್ಗರಣೆಗೆ. ಚಳಿಗೆ ಗಟ್ಟಿಯಾಗಿ ಕೂತಿದೆ."

"ಅದಾ ವಿಷಯ! ಹಂದಿ ಎದುರೇ ನಿಂತಿತ್ತು. ನಾನು ಟ್ರಿಗರ್ ಎಳೆದೆ, ಎಳೆದೆ, ಇದು ಬೀಳಲೇ ಇಲ್ಲ. ಹಂದಿ ನನ್ನನ್ನು ಸ್ವಲ್ಪ ಹೊತ್ತು ನೋಡಿತು. ಮತ್ತೆ ಪಾಪ ಅಂತ ಕಂಡಿರಬೇಕು, ಹೋಯಿತು."

ಇನ್ನು ಆಯುಧ ಪೂಜೆ. ಪೂಜೆ ಮುಗಿದ ವಾರ ನನ್ನ ಮೇಜಿನ ಮೇಲೆ ಜಾಗ ಇರುದಿಲ್ಲ. ದೇವರ ಮೇಲೆ ಭಕ್ತಿ ಇರಬೇಕು, ಬೇಡ ಅನ್ನುದಿಲ್ಲ. ಆದರೆ ಗಂಧ ಅರೆದು ಟ್ರಿಗರಿನ ಸಂದಿಗೆ ಮೆತ್ತಿ, ಅದರ ಮೇಲೆ ಕುಂಕುಮ ಉದುರಿಸಿ, ಅರಳು ಹಾಕಿ ಆರತಿ ಎತ್ತಿದರೆ ಒಳಗಿನ ಹಲ್ಲುಗಳು ಎಂತ ಮಾಡಬೇಕು? ಬೈದರೆ "ವರ್ಷಕ್ಕೊಂದು ಸಲ ಅಲ್ವಾ" ಅನ್ನುತ್ತಾರೆ. ನೀವು ಬೈಯಬೇಡಿ, ತೊಳೆದು ಕೊಡಿ. ನಾನು ಬೈದು ಬೈದು ಬಾಯಿ ನೋಯಿಸಿಕೊಂಡದ್ದು ಬಿಟ್ಟರೆ ಏನೂ ಲಾಭ ಆಗಲಿಲ್ಲ.

ನಮ್ಮ ಯಜಮಾನರು ರೈಗಳು. ಕಡಿಮೆ ಮಾತಿನ ದೊಡ್ಡ ಆಳು, ಅವರು ಕೂತರೆ ಕುರ್ಚಿ ಹೆದರುತ್ತಿತ್ತು. ಹೊಸತರಲ್ಲಿ ನಾನೊಂದು ಕೋವಿಯೊಳಗಿನ ಸ್ಪ್ರಿಂಗ್ ತೆಗೆಯುವಾಗ ಅದು ಹಾರಿ, ಬಾಗಿಲು ದಾಟಿ, ಅವರ ಚಹಾದ ಲೋಟಕ್ಕೆ ಬಿತ್ತು. ನನ್ನ ಕೆಲಸ ಹೋಯಿತು ಅಂತಲೇ ಗ್ರಹಿಸಿದೆ. ಅವರು ಎರಡು ಬೆರಳಿನಲ್ಲಿ ಸ್ಪ್ರಿಂಗ್ ಎತ್ತಿ ಮೇಜಿನ ಮೇಲಿಟ್ಟು, ಚಹಾ ಪೂರ್ತಿ ಕುಡಿದು, "ಇನ್ನೊಂದು ಸಲ ಬಟ್ಟೆ ಮುಚ್ಚಿ ತೆಗಿ" ಅಂದರು. ಅಷ್ಟೇ. ಅಂಥ ಯಜಮಾನರು ಸಿಕ್ಕರೆ ಅದು ನಿಮ್ಮ ಪುಣ್ಯ. ಸ್ಪ್ರಿಂಗನ್ನು ಮಾತ್ರ ಬಟ್ಟೆ ಮುಚ್ಚಿಯೇ ತೆಗೆಯಿರಿ.

ಆಗ ಸ್ಪ್ರಿಂಗ್ ಮುರಿದರೆ ಹಳೆ ಗೋಡೆ ಗಡಿಯಾರದ ಸುರುಳಿ ತಂದು, ಕಾಯಿಸಿ, ಬಗ್ಗಿಸಿ, ಎಣ್ಣೆಗೆ ಅದ್ದಿ ಹದ ಮಾಡಬೇಕಿತ್ತು. ಬಣ್ಣ ನೋಡಿ ಹದ ಹೇಳುದು. ಜೇನಿನ ಬಣ್ಣ ದಾಟಿ ನೀಲಿಗೆ ತಿರುಗುವಾಗ ತೆಗೆಯಬೇಕು, ಸ್ವಲ್ಪ ತಡವಾದರೆ ಮೆತ್ತಗಾಗಿ ಹಾಳು. ಈಗ ಕೊರಿಯರಿನಲ್ಲಿ ಬಿಡಿಭಾಗ ಬರ್ತದೆ. ಒಳ್ಳೆಯದೇ ಆಯಿತು. "ನಮ್ಮ ಕಾಲದಲ್ಲಿ" ಅಂತ ರಾಗ ಎಳೆಯುವ ಜನ ನಾನಲ್ಲ, ನನ್ನ ಬೆರಳಿನ ಸುಟ್ಟ ಕಲೆ ನೋಡಿದರೆ ನಿಮಗೇ ಗೊತ್ತಾಗ್ತದೆ. ಆದರೆ ಕೊರಿಯರಿನಲ್ಲಿ ಬಿಡಿಭಾಗ ಬಾರದ ಕೋವಿಯೂ ಒಂದುಂಟು. ಅದರ ಬಗ್ಗೆ ಹೇಳಲಿಕ್ಕೆಂದೇ ಇಷ್ಟು ಸುತ್ತಿದ್ದು.

ಲಿವರಿನ ರೈಫಲ್. ಟ್ರಿಗರಿನ ಕೆಳಗೆ ಕಬ್ಬಿಣದ ಒಂದು ಉದ್ದ ಬಳೆ, ಅದರೊಳಗೆ ಕೈಬೆರಳು ಹಾಕಿ ಕೆಳಗೆ ತಳ್ಳಿ ಮೇಲೆ ಎಳೆದರೆ ಖಾಲಿ ತೋಟೆ ಹೊರಗೆ, ಹೊಸ ತೋಟೆ ಒಳಗೆ. ಸುಳ್ಯದ ಕಡೆ ಅದನ್ನು ಬಳೆ ಕೋವಿ ಅಂತಲೇ ಕರೆಯುತ್ತಿದ್ದರು. ನನ್ನ ಮೇಜಿಗೆ ಬಂದದ್ದು ಅದೊಂದೇ, ಬೆಳ್ಯಪ್ಪ ಗೌಡರದ್ದು. ಅವರು ಅರೆಭಾಷೆ ಗೌಡರು, ಕಾಡಿನ ಅಂಚಿನಲ್ಲಿ ಗದ್ದೆ, ಕೊಕ್ಕೋ, ರಬ್ಬರು. ಅವರ ಅಜ್ಜ ಘಟ್ಟದ ಮೇಲೆ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ಮೇಸ್ತ್ರಿ ಆಗಿದ್ದರಂತೆ. ದೊರೆ ಊರಿಗೆ ಹೊರಡುವಾಗ ಹೆಂಡತಿಯ ಪಿಯಾನೊವನ್ನು ಒಬ್ಬರಿಗೆ, ಕೋವಿಯನ್ನು ಅಜ್ಜನಿಗೆ ಕೊಟ್ಟು ಹೋದ. "ಪಿಯಾನೊಗೆ ಲೈಸನ್ಸ್ ಬೇಡ, ಆದರೂ ನಮಗೆ ಸಿಕ್ಕಿದ್ದೇ ಒಳ್ಳೆಯದು" ಅಂತ ಗೌಡರು ನಗುತ್ತಿದ್ದರು.

ಇದರ ಹುಟ್ಟು ಅಮೆರಿಕದಲ್ಲಿ. ಅದಕ್ಕಿಂತ ಹಿಂದೆ ಗುಂಡು ಹೊಡೆದವ ಮತ್ತೆ ಮದ್ದು ತುಂಬಿ, ಗಜದ ಕೋಲು ಹಾಕಿ ಕುಟ್ಟಿ ಮುಗಿಯುವಾಗ ಎದುರಿದ್ದವ ಮನೆಗೆ ಹೋಗಿ ಗಂಜಿ ಉಣ್ಣಬಹುದಿತ್ತು. ಹಿತ್ತಾಳೆಯ ತೋಟೆ ಬಂದ ಮೇಲೆ ಅಲ್ಲಿಯ ಕಸುಬುದಾರರು ಒಂದು ಉಪಾಯ ಹುಡುಕಿದರು. ನಳಿಗೆಯ ಅಡಿಗೆ ಇನ್ನೊಂದು ಸಪೂರ ಕೊಳವೆ ಇಟ್ಟು, ತೋಟೆಗಳನ್ನು ಒಂದರ ಹಿಂದೆ ಒಂದು ಮಲಗಿಸಿದರು. ಬಳೆ ಆಡಿಸಿದ ಹಾಗೆ ಒಂದೊಂದೇ ಎದ್ದು ಬಂದು ನಳಿಗೆಗೆ ಹೋಗ್ತದೆ. ಕುದುರೆ ಸವಾರರಿಗೆ, ದನ ಕಾಯುವವರಿಗೆ ಅದು ಕೈಯ ಭಾಗವೇ ಆಯಿತಂತೆ. ತೋಟೆಯ ಮೂಗು ಚೂಪಿರಬಾರದು, ಚಪ್ಪಟೆ ಇರಬೇಕು. ಚೂಪಿದ್ದರೆ ಕೊಳವೆಯೊಳಗೆ ಹಿಂದಿನದ್ದರ ಮೂಗು ಎದುರಿನದ್ದರ ಬೆನ್ನಿಗೆ ಕುಟ್ಟಿ ಅಲ್ಲೇ ಸಿಡಿದೀತು. ಈ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ, ಯಾರಾದರೂ ಬೇರೆ ತೋಟೆ ಹಾಕಿ ಕೊಡಿ ಅಂದರೆ ಬಾಗಿಲು ತೋರಿಸಿ.

ಚಂದ ಅಂದರೆ ಎಂತ ಚಂದ! ಹೊರಗೆ ಚಾಚಿದ ಹಿಡಿ ಇಲ್ಲ, ಬಳ್ಳಿಯ ನಡುವೆ ಹೋಗುವಾಗ ಎಲ್ಲಿಯೂ ಸಿಕ್ಕುದಿಲ್ಲ. ನಡುವಿನಲ್ಲಿ ಹಿಡಿದರೆ ತಕ್ಕಡಿಯ ಹಾಗೆ ಸಮ ನಿಲ್ತದೆ. ಬಳೆ ಆಡಿಸುವಾಗ ಎರಡು ಸದ್ದು, ಒಂದು ದೊಡ್ಡದು, ಒಂದು ಸಣ್ಣದು. ಗೌಡರು ಅದನ್ನು ರಿಪೇರಿಗೆ ತಂದಾಗಲೆಲ್ಲ ನಾನು ಬೇಕಂತಲೇ ಎರಡು ದಿನ ಹೆಚ್ಚು ಇಟ್ಟುಕೊಳ್ಳುತ್ತಿದ್ದೆ. ಅವರಿಗೂ ಗೊತ್ತಿತ್ತು. "ಸಾಕಾಯ್ತಾ ಆಚಾರ್ರೇ ನೋಡಿ?" ಅಂತ ಕೇಳಿಯೇ ಕೊಂಡುಹೋಗುತ್ತಿದ್ದರು.

ಈಗ ಹೇಳುದು ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮೊದಲಿನ ಚುನಾವಣೆಯ ಸಮಯದ್ದು. ಚುನಾವಣೆ ಬಂತೆಂದರೆ ಕೃಷಿಕರ ಕೋವಿಗಳೆಲ್ಲ ಠಾಣೆಯಲ್ಲಿ ಇಡಬೇಕು, ಮುಗಿದ ಮೇಲೆ ವಾಪಸ್. "ಹಂದಿಗೆ ವೋಟು ಉಂಟಾ?" ಅಂತ ಜನ ಬೈದುಕೊಂಡೇ ಇಟ್ಟು ಬರುತ್ತಾರೆ. ಆ ಸಲ ಸರಿಯಾಗಿ ಅದೇ ಹೊತ್ತಿಗೆ ಬೆಳ್ಯಪ್ಪ ಗೌಡರು ಮನೆಯಂಗಳದಲ್ಲಿ ಕುಸಿದುಬಿದ್ದರು. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಪುತ್ತೂರಿನ ಆಸ್ಪತ್ರೆಗೆ ತಂದರು. ಆಸ್ಪತ್ರೆಗೂ ಮನೆಗೂ ಓಡಾಡುವ ನಡುವೆ ಅವರ ಮಗಳು ದೇವಕಿ ಕೋವಿಯನ್ನು ಠಾಣೆಗೆ ಇಟ್ಟು ಬಂದಳು. ಲೈಸನ್ಸಿನಲ್ಲಿ ಅವಳ ಹೆಸರೂ ಉಂಟು.

ವೋಟೆಣಿಕೆ ಮುಗಿದು ಕೆಲವು ದಿನ ಆಗಿರಬೇಕು. ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ದೇವಕಿ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಆಚಾರ್ರೇ, ಒಮ್ಮೆ ಅಪ್ಪನನ್ನು ನೋಡಲಿಕ್ಕೆ ಬನ್ನಿ. ನಿಮ್ಮ ಮಾತಾದರೂ ಕೇಳ್ತಾರಾ ನೋಡುವ."

"ಎಂತ ಆಯ್ತು?"

"ಹೊಗೆಸೊಪ್ಪು ಬೇಕಂತ ಹಟ. ಇಡೀ ದಿನ ಹೆಬ್ಬೆರಳಿನಲ್ಲಿ ತಿಕ್ಕಿ ತಿಕ್ಕಿ ತೋರಿಸುದು. ಡಾಕ್ಟ್ರು ಬೇಡವೇ ಬೇಡ ಅಂದಿದ್ದಾರೆ. ಕೊಡುದಿಲ್ಲ ಅಂದರೆ ಅಳ್ತಾರೆ, ಕೈ ಬಡಿತಾರೆ. ನಿದ್ರೆ ಅಂತ ಇಲ್ಲ. ಹೀಗೇ ಆದರೆ ಇನ್ನೊಮ್ಮೆ ಲಕ್ವ ಹೊಡೀತದೆ ಅಂತ ಹೇಳಿದ್ದಾರೆ."

ಹೋದೆ. ಗೌಡರು ನನ್ನನ್ನು ಕಂಡದ್ದೇ ಎಡಗೈ ಎತ್ತಿದರು. ಜೀವವಿಲ್ಲದ ಬಲಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಎಡಗೈಯ ಹೆಬ್ಬೆರಳನ್ನು ಅದಕ್ಕೆ ಒತ್ತಿ ಮುಂದಕ್ಕೆ ಜಾರಿಸಿದರು. ಮತ್ತೆ ಹಿಂದೆ ತಂದು ಒತ್ತಿದರು. ಮತ್ತೆ. ಆಚೆ ಮಂಚದವರೂ "ಪಾಪ, ಚಟ ಬಿಡುದಿಲ್ಲ" ಅಂದರು. ನರ್ಸ್ ಒಬ್ಬರು "ಬೆರಳು ಆಡ್ತಾ ಉಂಟಲ್ಲ, ಒಳ್ಳೆಯ ಲಕ್ಷಣ" ಅಂದರು.

ನಾನೂ ಬೈದೆ. "ಎಂತ ಗೌಡ್ರೇ ಇದು, ಸಣ್ಣ ಮಕ್ಕಳ ಹಾಗೆ? ಒಂದು ಎಲೆ ಹೊಗೆಸೊಪ್ಪಿಗೆ ಜೀವ ಕೊಡ್ತೀರಾ?"

ಅವರ ಕಣ್ಣಿನಲ್ಲಿ ಬಂದ ಸಿಟ್ಟು ನಾನು ಅವರಲ್ಲಿ ಎಂದೂ ಕಂಡದ್ದಲ್ಲ. ಸಟಕ್ಕನೆ ನನ್ನ ಕೈ ಹಿಡಿದು ಎಳೆದರು. ನನ್ನ ಹೆಬ್ಬೆರಳನ್ನು ತಮ್ಮ ಬಲಗೈಯ ಪಕ್ಕಕ್ಕೆ ಇಟ್ಟು ಒತ್ತಿದರು, ಮುಂದಕ್ಕೆ ತಳ್ಳಿದರು. ಒತ್ತು, ತಳ್ಳು. ಒತ್ತು, ತಳ್ಳು. ನನ್ನ ತಲೆಗೆ ಹೊಳೆಯುವ ಮೊದಲು ನನ್ನ ಹೆಬ್ಬೆರಳಿಗೆ ಗೊತ್ತಾಯಿತು. ಬಳೆ ಕೋವಿಯ ಪಕ್ಕದಲ್ಲಿ ಒಂದು ಸಣ್ಣ ಬಾಗಿಲುಂಟು, ತೋಟೆಯನ್ನು ಅದರ ಮೂಲಕ ಹೆಬ್ಬೆರಳಿನಲ್ಲಿ ಒತ್ತಿ ಕೊಳವೆಗೆ ತಳ್ಳುದು. ಆ ಕೋವಿಯ ರಿಪೇರಿ ಆದಾಗಲೆಲ್ಲ ನಾನು ಹಾಗೆ ತಳ್ಳಿ ಪರೀಕ್ಷೆ ಮಾಡಿದವ.

"ಗೌಡ್ರೇ," ಅಂದೆ. "ಹೊಗೆಸೊಪ್ಪು ಅಲ್ವಾ? ತೋಟೆಯಾ? ಕೋವಿಯೊಳಗೆ ತೋಟೆ ಉಂಟಾ?"

ಅವರು ನನ್ನ ಕೈ ಬಿಟ್ಟು ಕಣ್ಣು ಮುಚ್ಚಿದರು. ನೀರು ಕಿವಿಯ ವರೆಗೆ ಇಳಿಯಿತು.

ಬಿದ್ದ ದಿನ ಸಂಜೆ ಹಂದಿ ಬರುತ್ತದೆಂದು ತುಂಬಿಸಿ ಇಟ್ಟಿರಬೇಕು. ತೆಗೆಯುವ ಮೊದಲೇ ಕುಸಿದರು. ಅಂದಿನಿಂದ ಅದನ್ನೇ ಹೇಳುತ್ತಾ ಇದ್ದರು, ನಾವೆಲ್ಲ ಸೇರಿ ಚಟ ಅಂತ ನಗುತ್ತಾ ಇದ್ದೆವು.

"ಇಲ್ಲ ಆಚಾರ್ರೇ," ಅಂದಳು ದೇವಕಿ. "ನಾನೇ ನೋಡಿ ಕೊಟ್ಟದ್ದು. ಖಾಲಿ ಇತ್ತು."

"ಹೇಗೆ ನೋಡಿದಿ?"

"ಬಳೆ ಸ್ವಲ್ಪ ಎಳೆದು ನಳಿಗೆಯೊಳಗೆ ನೋಡಿದೆ."

ಅವಳ ತಪ್ಪಲ್ಲ. ನಮ್ಮ ಕಡೆಯವರು ಹುಟ್ಟಿದಾಗಿನಿಂದ ಕಂಡದ್ದು ಮುರಿದು, ಅಂದರೆ ನಡುವಿನಲ್ಲಿ ಮಡಚಿ, ನೋಡುವ ಕೋವಿ. ಅದನ್ನು ಮುರಿದರೆ ನಳಿಗೆ ಆಚೆಯಿಂದ ಈಚೆಗೆ ಕಾಣ್ತದೆ. ಬೆಳಕು ಕಂಡರೆ ಖಾಲಿ, ಮುಗಿಯಿತು. ಬಳೆ ಕೋವಿಯ ನಳಿಗೆ ಖಾಲಿ ಇದ್ದರೂ ಕೆಳಗಿನ ಹೊಟ್ಟೆ ತುಂಬಿರಬಹುದು. ಠಾಣೆಯವರೂ ನಳಿಗೆಯಲ್ಲಿ ಬೆಳಕು ನೋಡಿ ತಲೆಯಾಡಿಸಿದ್ದರು.

ಠಾಣೆಗೆ ಫೋನ್ ಮಾಡಿದೆ. ಎತ್ತಿದ್ದು ಬಾಲಣ್ಣ, ಅಲ್ಲಿಯ ಹೆಡ್ ಕಾನ್‌ಸ್ಟೆಬಲ್, ನನಗೆ ಹಳೆಯ ಪರಿಚಯ.

"ಇವತ್ತಿನಿಂದ ವಾಪಸ್ ಕೊಡುದು ಸುರು ಆಚಾರ್ರೇ. ಕಟ್ಟೆಲ್ಲ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೇವೆ. ಜನ ಕೂತಿದ್ದಾರೆ."

"ಬಳೆ ಕೋವಿ ಎಲ್ಲಿ ಉಂಟು?"

"ಇಲ್ಲೇ, ನನ್ನ ಎದುರು. ಹೆಸರಿನ ಚೀಟಿಯ ಹಗ್ಗವನ್ನು ಬಳೆಗೇ ಕಟ್ಟಿದ್ದಾರೆ ಪುಣ್ಯಾತ್ಮರು. ಕಟ್ಟು ಎಳೆಯುವಾಗ ಬಳೆ ಪೂರ್ತಿ ತೆರೆದು ನೇತಾಡ್ತಾ ಉಂಟು. ಇದೊಂದು ಮುಚ್ಚಿ ಇಟ್ಟು ಮಾತಾಡ್ತೇನೆ, ಇರಿ."

"ಮುಚ್ಚಬೇಡಿ!"

ಆಸ್ಪತ್ರೆಯ ವರಾಂಡ ಇಡೀ ತಿರುಗಿ ನೋಡಿತು. ನೋಡಲಿ. ಬಳೆ ತೆರೆದಾಗ ಕೊಳವೆಯಿಂದ ಒಂದು ತೋಟೆ ಮೇಲೆದ್ದು ಬಂದು ಕಾಯ್ತಾ ಇರ್ತದೆ, ಮುಚ್ಚಿದರೆ ಅದು ನಳಿಗೆಗೆ ಹೋಗಿ ಕುದುರೆ ಎದ್ದು ನಿಲ್ತದೆ. ಮತ್ತೆ ಯಾರ ಬೆರಳು ಎಲ್ಲಿ ತಾಗಿದರೂ ಆಯಿತು.

"ಕೋವಿಯ ಬಾಯಿ ಯಾವ ಕಡೆ ಉಂಟು ಬಾಲಣ್ಣ?"

ಬಾಲಣ್ಣನ ಸ್ವರ ಸಣ್ಣದಾಯಿತು. "ಬೆಂಚಿನ ಕಡೆ. ಜನ ಇರುವ ಕಡೆ."

"ಅವರನ್ನು ಎಬ್ಬಿಸಿ ಹೊರಗೆ ಕಳಿಸಿ. ಅದನ್ನು ಮುಟ್ಟಬೇಡಿ. ನಾವು ಬರ್ತಾ ಇದ್ದೇವೆ."

ದೇವಕಿ ಜೀಪು ಬಿಟ್ಟಳು. ಪುತ್ತೂರು ದಾಟಿದ ಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಯಾರಿಗಾದರೂ ಎಂತಾದರೂ ಆದರೆ ಅಪ್ಪ ಉಳಿಯುದಿಲ್ಲ ಆಚಾರ್ರೇ" ಅಂದಳು. ನನಗೂ ಅದೇ ಹೆದರಿಕೆ. ಜೀವ ಕೈಯಲ್ಲಿ ಹಿಡಿದುಕೊಳ್ಳುದು ಅಂದರೆ ಎಂತ ಅಂತ ಆ ದಾರಿಯಲ್ಲಿ ಗೊತ್ತಾಯಿತು.

ಠಾಣೆಯಲ್ಲಿ ಜನರೆಲ್ಲ ಹೊರಗೆ ಹಲಸಿನ ಮರದ ಅಡಿಯಲ್ಲಿ ನಿಂತಿದ್ದರು. ಬಾಲಣ್ಣ ಮೇಜಿನಿಂದ ದೂರ, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ನಿಂತಿದ್ದರು, ಒಳಗೆ ಹುಲಿ ಇದ್ದ ಹಾಗೆ. ಹೋಗಿ ಬಗ್ಗಿ ನೋಡಿದೆ. ಬಳೆ ಬಾಯಿ ಬಿಟ್ಟಿತ್ತು. ಒಳಗೆ ಹಿತ್ತಾಳೆಯ ಒಂದು ತೋಟೆ, ಚಪ್ಪಟೆ ಮೂಗು ಮೇಲೆ ಮಾಡಿಕೊಂಡು, ನಳಿಗೆಯ ಹೊಸ್ತಿಲಲ್ಲೇ ನಿಂತಿತ್ತು.

ನಾನೇ ತೆಗೆಯಬಹುದಿತ್ತು. ಆದರೆ ನಾಳೆ ಈ ಕೋವಿ ಹಿಡಿಯಬೇಕಾದವಳು ಅವಳು. "ದೇವಕಿ, ನೀನು ಬಾ" ಅಂದೆ.

"ನಾನಾ? ಇನ್ನೊಮ್ಮೆ ತಪ್ಪಿದರೆ?"

"ತಪ್ಪುದಿಲ್ಲ. ಬೆರಳು ಟ್ರಿಗರಿನ ಹತ್ತಿರ ಹೋಗದಿದ್ದರೆ ಸಾಕು. ಕೋವಿಯ ಬಾಯಿಯನ್ನು ಬೆಂಕಿ ಆರಿಸಲಿಕ್ಕೆ ಮರಳು ತುಂಬಿಸಿಟ್ಟ ಆ ಬಾಲ್ದಿಗೆ ಮಾಡು, ಅಲ್ಲಿ ಮುಚ್ಚಿದರೆ ಹೆದರಿಕೆ ಇಲ್ಲ. ಈಗ ಬಳೆ ಪೂರ್ತಿ ಮುಚ್ಚು, ಪೂರ್ತಿ ತೆರೆ. ಅರ್ಧದಲ್ಲಿ ನಿಲ್ಲಿಸಬೇಡ."

ಮೊದಲ ತೋಟೆ ಹಾರಿ ನೆಲಕ್ಕೆ ಬಿದ್ದು ಉರುಳಿತು. ಮತ್ತೊಂದು. ಮತ್ತೂ ಒಂದು. ಬಾಲಣ್ಣ ಪ್ರತಿಯೊಂದಕ್ಕೂ "ಅಯ್ಯೋ ದೇವರೇ, ಇನ್ನೂ ಉಂಟಾ!" ಅನ್ನುತ್ತಾ ಇದ್ದರು. ಕೊನೆಗೆ ಬಳೆ ಆಡಿಸಿದರೂ ಏನೂ ಬರಲಿಲ್ಲ.

"ಖಾ…" ಅಂತ ಹೇಳಹೊರಟ ದೇವಕಿ ಅಲ್ಲೇ ನಿಂತು ನನ್ನ ಮುಖ ನೋಡಿದಳು.

"ಈಗ ಕಿರುಬೆರಳು ಹಾಕು," ಅಂದೆ. "ನಳಿಗೆಯ ಬುಡಕ್ಕೆ ಹಾಕಿ ಸುತ್ತ ತಡವು. ಮತ್ತೆ ಕೆಳಗಿನ ಕೊಳವೆಯ ಬಾಯಿಗೆ. ಅಲ್ಲಿ ತೋಟೆಯನ್ನು ತಳ್ಳುವ ಬಿಲ್ಲೆ ಬೆರಳಿಗೆ ತಾಗಬೇಕು. ಕಣ್ಣಿಗೆ ಮೋಸ ಆಗ್ತದೆ, ಬೆರಳಿಗೆ ಆಗುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ."

ಅವಳು ಬೆರಳು ಹಾಕಿ ಎರಡು ಕಡೆಯೂ ತಡವಿದಳು. ತೆಗೆದಾಗ ಬೆರಳು ಗಂಟಿನ ವರೆಗೆ ಎಣ್ಣೆ ಮಸಿಯಿಂದ ಕಪ್ಪು. "ತಾಗಿತು" ಅಂದಳು. ಆಮೇಲೆ ಕೋವಿ ಮೇಜಿನ ಮೇಲಿಟ್ಟು, ಅದೇ ಬೆಂಚಿನಲ್ಲಿ ಕೂತು ಜೋರಾಗಿ ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಬಾಲಣ್ಣ ತಾವೂ ಕೂತು, "ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಮಾರಾಯ್ರೆ" ಅಂದರು. ಮೂರೂ ಜನ ಸಾಲಾಗಿ ಕೂತದ್ದನ್ನು ಕಂಡು ಹೊರಗಿನ ಜನ ಒಬ್ಬೊಬ್ಬರಾಗಿ ಇಣುಕಿದರು.

ಅಷ್ಟರಲ್ಲಿ ಎಸ್ಸೈ ಬಂದರು, ಹೊಸಬರು, ಬಯಲುಸೀಮೆಯವರು. ಎಲ್ಲ ಕೇಳಿ ಮೊದಲು ತಮ್ಮವರಿಗೆ ಬೈದರು, ಮತ್ತೆ ದೇವಕಿಗೆ, ಉಳಿದದ್ದು ನನಗೆ. ನಾನು ಎಂತ ಮಾಡಿದ್ದೆ ಅಂತ ಗೊತ್ತಿಲ್ಲ, ಆದರೂ ಸಂತೋಷದಿಂದ ಬೈಸಿಕೊಂಡೆ. ಬೈದು ಮುಗಿದ ಮೇಲೆ, "ಮೊದಲು ಹೋಗಿ ನಿಮ್ಮ ತಂದೆಗೆ ಹೇಳ್ರೀ, ಕೋವಿ ಆಮೇಲೆ ಒಯ್ಯೋದು" ಅಂದರು. ಆ ಠಾಣೆಯಲ್ಲಿ ಆಮೇಲೆ ಚೀಟಿಯ ಹಗ್ಗವನ್ನು ಕೋವಿಯ ಹಿಡಿಯ ಕುತ್ತಿಗೆಗೆ ಮಾತ್ರ ಕಟ್ಟುದು. ನೀವೂ ಹಾಗೆಯೇ ಕಟ್ಟಿ, ಬಳೆಗೆ ಬೇಡ.

ಆಸ್ಪತ್ರೆಗೆ ವಾಪಸ್ ಬಂದಾಗ ಗೌಡರು ಬಾಗಿಲಿನ ಕಡೆಗೇ ನೋಡುತ್ತಾ ಇದ್ದರು. ಹತ್ತಿರ ಹೋಗಿ ಹೇಳಿದೆ. "ಎಲ್ಲ ತೆಗೆದಾಯಿತು ಗೌಡ್ರೇ. ಯಾರಿಗೂ ಏನೂ ಆಗಲಿಲ್ಲ."

ಅವರ ಹೆಬ್ಬೆರಳು ಮತ್ತೆ ಬಲಗೈಯ ಮೇಲೆ ಒತ್ತತೊಡಗಿತು. ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ರೋಗಿಗೆ ಸಮಾಧಾನ ಆಗಲಿ ಅಂತ ಯಾರು ಬೇಕಾದರೂ ಹಾಗೆ ಹೇಳಿಯಾರು. ನಾನು ಇನ್ನೊಮ್ಮೆ ಹೇಳಿದೆ, ಬಾಲಣ್ಣನ ಹೆಸರು ಹೇಳಿದೆ, ಎಸ್ಸೈ ಬೈದದ್ದನ್ನೂ ಹೇಳಿದೆ. ಹೆಬ್ಬೆರಳು ನಿಲ್ಲಲಿಲ್ಲ.

ದೇವಕಿ ಮಂಚದ ಪಕ್ಕ ಕೂತು ತನ್ನ ಕಿರುಬೆರಳನ್ನು ಅಪ್ಪನ ಕಣ್ಣಿನ ಎದುರು ಹಿಡಿದಳು. ಬೆರಳಿನ ಕಪ್ಪು ಹಾಗೆಯೇ ಇತ್ತು.

ಗೌಡರು ಅದನ್ನು ನೋಡಿದರು. ಎಡಗೈಯಲ್ಲಿ ಆ ಬೆರಳನ್ನು ಹಿಡಿದು ತಿರುಗಿಸಿ ನೋಡಿದರು, ಮೂಗಿನ ಹತ್ತಿರ ತಂದು ಮೂಸಿದರು. ನಾನು ಹಾಕುವ ಎಣ್ಣೆಯ ವಾಸನೆ ಅವರಿಗೆ ಗೊತ್ತು. ಎದೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಕಣ್ಣು ತಾನಾಗಿ ಮುಚ್ಚಿತು, ಮತ್ತೆ ಗೊರಕೆ ಕೇಳಿತು.

ಮಾತ್ರೆ ಹಿಡಿದುಕೊಂಡು ನರ್ಸ್ ಬಂದರು. "ಈಗ ಎಬ್ಬಿಸಬೇಡಿ ಸಿಸ್ಟರ್" ಅಂದಳು ದೇವಕಿ. ಅವಳ ಬೆರಳು ಅಪ್ಪನ ಮುಷ್ಟಿಯೊಳಗೇ ಇತ್ತು, ಅವಳು ತೆಗೆಯಲಿಲ್ಲ.